ಜಿಂಕೆ ಎಷ್ಟು ದೂರ?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿರುವ ಅಕ್ಕನ ಮಗ ಈ ಸಲ ಬಿಲ್ಲುಬೇಟೆಯ ಲೈಸೆನ್ಸ್ ಮಾಡಿಸಿದ್ದಾನೆ. ಜಿಂಕೆ ಎಷ್ಟು ದೂರದಲ್ಲಿ ನಿಂತಿದೆ ಎಂದು ಲೇಸರ್ ಬಿಟ್ಟು ಅಳೆಯುವ ರೇಂಜ್‌ಫೈಂಡರ್ ಒಂದು ಕೊಳ್ಳಬೇಕಂತೆ. "ಮಾವ, ನೀನು ಅದನ್ನ ಕೊರಳಿಗೆ ಹಾಕ್ಕೊಂಡು ಕಾಡು ಸುತ್ತಿದೋನು. ಯಾವ ಥರದ್ದು ತಗೊಳ್ಳಲಿ?" ಎಂದು ಫೋನಿನಲ್ಲಿ ಕೇಳಿದ.

ಅವನು ಕೇಳಿದ್ದು ಸಾಮಾನಿನ ವಿಚಾರ. ನಾನು ಅರಣ್ಯ ಇಲಾಖೆಗೆ ಗಾರ್ಡಾಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತನಾದವನು. ಕಾಡುಪ್ರಾಣಿ ಹೊಡೆದವರ ಮೇಲೆ ಕೇಸು ಬರೆದವನು. ಅದಕ್ಕೂ ಮೊದಲು ನಾನು ಹೊಸದುರ್ಗ ತಾಲ್ಲೂಕಿನ ನಾಯಕರ ಮನೆಯ ಹುಡುಗ. ನಮ್ಮ ತಾತ ಯುಗಾದಿ ಬೇಟೆಗೆ ಬಲೆ ಹೊತ್ತು ಹೋಗುತ್ತಿದ್ದವನು. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬರುವಷ್ಟರಲ್ಲಿ ಬೇರೆಯೇ ಆಗಿಬಿಟ್ಟಿತು. ಕೊಲ್ಲುವುದಕ್ಕೆ ಬೇಕಾದ ಅಳತೆಯನ್ನು ಹೇಳಿಕೊಟ್ಟವನಿಗೆ ಕೊಂದದ್ದರಲ್ಲಿ ಪಾಲು ಬರುತ್ತದೆಯೋ ಇಲ್ಲವೋ?

ಶಾಸ್ತ್ರದವರು ಇದಕ್ಕೆ ಉತ್ತರ ಬರೆದಿಟ್ಟೇ ಹೋಗಿದ್ದಾರೆ. ಹಿಂಸೆಯನ್ನು ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂದು ಜೈನರು ಮೂರು ಬಗೆ ಹೇಳುತ್ತಾರೆ: ಕೃತ, ಕಾರಿತ, ಅನುಮೋದಿತ. ಪತಂಜಲಿಯ ಯೋಗಸೂತ್ರದಲ್ಲೂ ಇದೇ ಮೂರು ಬರುತ್ತವೆ. ಮನುಸ್ಮೃತಿ ಇನ್ನೂ ಖಡಕ್ಕು. ಅದರ ಐದನೆಯ ಅಧ್ಯಾಯದಲ್ಲಿ ಪ್ರಾಣಿಘಾತಕರ ಪಟ್ಟಿಯೇ ಇದೆ: ಒಪ್ಪಿಗೆ ಕೊಟ್ಟವನು, ಕಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು. ಎಂಟು ಜನರಲ್ಲಿ ಮೊದಲ ಹೆಸರು ಒಪ್ಪಿಗೆ ಕೊಟ್ಟವನದು, ಕೊಂದವನದು ಮೂರನೆಯದು. ಬೆಳಿಗ್ಗೆ ಮಟನ್ ಅಂಗಡಿಯ ಮುಂದೆ ಅರ್ಧ ಕೆಜಿ ಎಂದು ಹೇಳಿ, ಅಂಗಡಿಯವನು ಕಡಿಯುವಾಗ ಪೇಪರಿನಲ್ಲಿ ಮುಖ ಹುದುಗಿಸುವ ನಾನು ಈ ಪಟ್ಟಿಯಲ್ಲಿ ಈಗಾಗಲೇ ಎರಡು ಕಡೆ ಇದ್ದೇನೆ. ಆದ್ದರಿಂದ ಅಕ್ಕನ ಮಗನಿಗೆ ಅಹಿಂಸೆಯ ಪ್ರವಚನ ಕೊಡುವ ಬಾಯಿ ನನಗಿರಲಿಲ್ಲ. ಮೊದಲು ಯಂತ್ರದ ಮಾತನ್ನೇ ಆಡಿದೆ.

ಅಂಗೈಯಲ್ಲಿ ಹಿಡಿಸುವ ಯಂತ್ರ ಅದು. ಒಂದೇ ಕಣ್ಣಿಗೆ ಹಿಡಿದು ನೋಡಬೇಕು. ಸಾಮಾನ್ಯವಾಗಿ ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ನಡುವೆ ಸಣ್ಣ ಚೌಕವೋ ಕೂಡು ಗುರುತೋ ಇರುತ್ತದೆ. ಅದನ್ನು ಪ್ರಾಣಿಯ ಮೈಮೇಲೆ ನಿಲ್ಲಿಸಿ ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಬೆಳಕು ಹೊರಟು, ತಾಗಿ, ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಹೊತ್ತನ್ನು ದೂರಕ್ಕೆ ತಿರುಗಿಸಿ ಅಂಕಿ ತೋರಿಸುತ್ತದೆ. ನೂರು ಮೀಟರ್ ಹೋಗಿಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೂ ಬೇಕಿಲ್ಲ. ಇಷ್ಟು ಸೂಕ್ಷ್ಮದ ಯಂತ್ರಕ್ಕೆ ಒಂದು ದಡ್ಡತನವೂ ಇದೆ. ತನ್ನ ಮುಂದೆ ಇರುವುದು ಏನು ಎಂದು ಅದಕ್ಕೆ ತಿಳಿಯದು. ಜಿಂಕೆಯ ಮುಂದೆ ಲಂಟಾನದ ಒಂದು ಕಡ್ಡಿ ಅಡ್ಡ ಬಂದಿದ್ದರೆ ಕಡ್ಡಿಯ ದೂರವನ್ನೇ ಹೇಳುತ್ತದೆ. ಮಂಜಿದ್ದರೆ ಮಂಜಿನ ದೂರ. ಅದಕ್ಕೇ ಬೇಟೆಗೆಂದು ಮಾಡಿದ ಯಂತ್ರಗಳಲ್ಲಿ ಮೊದಲು ತಾಗಿದ್ದನ್ನು ಬಿಟ್ಟು ಕೊನೆಯಲ್ಲಿ ತಾಗಿದ್ದನ್ನು ಹೇಳುವ ಏರ್ಪಾಡು ಇರುತ್ತದೆ. "ಅದು ಇರೋದನ್ನೇ ತಗೋ" ಎಂದೆ.

ಡಬ್ಬಿಯ ಮೇಲೆ ಬರೆದ ಸಾವಿರ ಗಜ, ಎರಡು ಸಾವಿರ ಗಜವನ್ನು ನಂಬಬೇಡ ಎಂದೆ. ಅದು ಹೊಳೆಯುವ ಹಲಗೆಗೆ ಹಿಡಿದ ಲೆಕ್ಕ. ಜಿಂಕೆಯ ಕೂದಲು ಬೆಳಕನ್ನು ಅಷ್ಟಾಗಿ ಹಿಂದಕ್ಕೆ ಕೊಡದು, ಅರ್ಧವೂ ಸಿಗದಿರಬಹುದು. ಬಿಲ್ಲಿಗೆ ಅಷ್ಟು ದೂರ ಬೇಕಾಗಿಯೂ ಇಲ್ಲ. ನಸುಕಿನಲ್ಲಿ ಕಪ್ಪು ಅಂಕಿ ಕಾಣುವುದಿಲ್ಲ, ಕೆಂಪಗೆ ಬೆಳಗುವ ಅಂಕಿ ಇರಲಿ. ಏರು ತಗ್ಗಿನ ಜಾಗವಾದರೆ ಕೋನದ ಲೆಕ್ಕ ಹಾಕಿ ನೆಲದ ಅಡ್ಡದೂರ ಹೇಳುವುದು ಬೇಕು. ನಮ್ಮ ಜಿಲ್ಲೆಯ ಜೋಗಿಮಟ್ಟಿ ಕಾಡಿನ ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಯಂತ್ರ ನೂರು ಮೀಟರ್ ಎಂದರೆ ಅಡ್ಡದೂರ ಎಂಬತ್ತೇಳೇ. ಅವನು ಮರದ ಅಟ್ಟಣೆಯ ಮೇಲೆ ಕೂರುವವನು, ಹತ್ತಿರದ ಹೊಡೆತ. ಅಲ್ಲಿ ಒಂದು ಗಜದ ವ್ಯತ್ಯಾಸ ಬಂದರೆ ಹೆಚ್ಚು. ಆದರೂ ಇರಲಿ. ಕಂಪನಿ ಯಾವುದು ಎಂದ. ವೋರ್ಟೆಕ್ಸ್ ಕಂಪನಿ ಅವನ ವಿಸ್ಕಾನ್ಸಿನ್‌ದೇ, ಬಾರ್ನೆವೆಲ್ಡ್ ಎಂಬ ಊರಿನದು. ಲ್ಯೂಪೋಲ್ಡ್, ಬುಶ್ನೆಲ್ ಇವೂ ಹಳಬರು. ಮುಂದಿನದು ಅವನ ಜೇಬಿಗೆ ಬಿಟ್ಟದ್ದು.

"ನೀವು ಇದರಲ್ಲಿ ಏನು ಮಾಡ್ತಿದ್ರಿ ಮಾವ? ನಮ್ಮಲ್ಲಿ ಬೇಟೆಯೇ ಇಲ್ಲವಲ್ಲ" ಎಂದು ಕೇಳಿದ. ಇಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ. ನಾವು ಎಣಿಸುತ್ತಿದ್ದೆವು.

ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಲಕ್ಕವಳ್ಳಿಯಲ್ಲಿದ್ದಾಗ ಕಲಿತ ಕೆಲಸ ಅದು. ಕಾಡಿನಲ್ಲಿ ಎರಡು ಕಿಲೋಮೀಟರಿನ ಒಂದು ನೇರ ಗೆರೆ. ಬೆಳಕು ಹರಿಯುತ್ತಿದ್ದಂತೆ ಆ ಗೆರೆಯ ಮೇಲೆ ನಾನು, ಜೊತೆಗೊಬ್ಬ ವಾಚರ್, ಸದ್ದಿಲ್ಲದೆ ನಡೆಯಬೇಕು. ಜಿಂಕೆ ಹಿಂಡು ಕಂಡ ತಕ್ಷಣ ನಿಂತು ಮೂರು ಸಂಗತಿ ಬರೆಯಬೇಕು: ಎಷ್ಟಿವೆ, ಕಂಪಾಸಿನಲ್ಲಿ ಯಾವ ಕೋನ, ರೇಂಜ್‌ಫೈಂಡರ್‌ನಲ್ಲಿ ಎಷ್ಟು ದೂರ. ನಮ್ಮನ್ನು ಕಂಡು ಅವು ಜಿಗಿದು ಓಡಿದರೆ ಅವುಗಳ ಹಿಂದೆ ಅಳತೆ ಓಡಿಸುವಂತಿಲ್ಲ. ಮೊದಲು ನಿಂತಿದ್ದ ಜಾಗದ ಮತ್ತಿಯನ್ನೋ ತೇಗವನ್ನೋ ನೆನಪಿಟ್ಟುಕೊಂಡು ಅದಕ್ಕೇ ಲೇಸರ್ ಹಿಡಿಯಬೇಕು. ಹೊಸದಾಗಿ ಬಂದ ಹುಡುಗರಿಗೆ ಇದನ್ನು ಕಲಿಸುವುದೇ ಕಷ್ಟ. ಕಣ್ಣು ಪ್ರಾಣಿಯ ಹಿಂದೆ ಹೋಗುತ್ತದೆ.

ಕಂಡದ್ದನ್ನು ಬರೆದರೆ ಸಾಲದೇ, ದೂರ ಯಾಕೆ ಎಂದು ಆಗ ನಾನೂ ಕೇಳಿದ್ದೆ. ಗೆರೆಯ ಮೇಲೇ ಇರುವ ಜಿಂಕೆ ತಪ್ಪದೆ ಕಾಣುತ್ತದೆ. ಗೆರೆಯಿಂದ ಹತ್ತು ಮೀಟರ್ ಆಚೆ ಇದ್ದರೂ ಕಾಣುತ್ತದೆ. ಅರವತ್ತು ಮೀಟರ್ ಆಚೆ ಇರುವ ನಾಲ್ಕರಲ್ಲಿ ಒಂದೋ ಎರಡೋ. ದೂರ ಹೆಚ್ಚಿದ ಹಾಗೆ ಕಾಣುವುದು ಎಷ್ಟು ಬೇಗ ಕಡಿಮೆಯಾಗುತ್ತದೆ ಎಂಬುದು ಸಿಕ್ಕರೆ, ಕಾಣದೆ ಉಳಿದವು ಎಷ್ಟು ಎಂಬುದೂ ಸಿಗುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಆಹಾರಪ್ರಾಣಿಗಳನ್ನು ಎಣಿಸಲು ಈ ವಿಧಾನವನ್ನು ನಮ್ಮ ಕಾಡಿಗೆ ಒಗ್ಗಿಸಿದರು. ನನಗೆ ಇಂದಿಗೂ ಇದರಷ್ಟು ಆಧ್ಯಾತ್ಮಿಕವಾದ ಗಣಿತ ಇನ್ನೊಂದು ಗೊತ್ತಿಲ್ಲ. ಕಾಣದ್ದು ಇಲ್ಲ ಎಂದು ಅದು ಹೇಳುವುದಿಲ್ಲ. ನಿನ್ನ ಕಣ್ಣು ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲು ಬರೆದುಕೋ ಎನ್ನುತ್ತದೆ.

ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಒಂದೇ ಯಂತ್ರ, ನಿನ್ನ ಕೈಯಲ್ಲಿ ಕೊಲ್ಲುವುದಕ್ಕೆ, ನನ್ನ ಕೈಯಲ್ಲಿ ಕಾಯುವುದಕ್ಕೆ ಎಂಬ ಧಾಟಿ ಮಾತಿನಲ್ಲಿ ಬಂದಿರಬೇಕು. ಅವನು ಕೇಳಿದ: "ಎಣಿಸಿದ ಜಿಂಕೆ ಯಾರಿಗೆ ಅಂತ ಎಣಿಸಿದ್ರಿ?"

ಹುಲಿಗೆ. ಬೇರೆ ಉತ್ತರವಿಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು ಐವತ್ತು ಪ್ರಾಣಿ ಬೇಕು. ಹಾಗೆ ಐವತ್ತು ಹೋದರೂ ಹಿಂಡು ಕುಗ್ಗದಿರಲು ಐನೂರು ಇರಬೇಕು ಎಂಬುದು ಕಾರಂತರು ಹೇಳುವ ಲೆಕ್ಕ. ನಾವು ಬೆಳಗಿನ ಇಬ್ಬನಿಯಲ್ಲಿ ಪ್ಯಾಂಟು ನೆನೆಸಿಕೊಂಡು ಬರೆದ ಅಂಕಿಗಳು ಆ ಐನೂರರ ಲೆಕ್ಕಕ್ಕೆ ಸೇರಿದವು. ವಿಸ್ಕಾನ್ಸಿನ್‌ನಲ್ಲೂ ಇಲಾಖೆಯವರು ಜಿಂಕೆಯ ಲೆಕ್ಕ ಹಾಕಿಯೇ ಆ ವರ್ಷ ಎಷ್ಟು ಹೊಡೆಯಬಹುದು ಎಂದು ತೀರ್ಮಾನಿಸುತ್ತಾರೆ. ಅವನ ಊರಿನ ಸುತ್ತ ಹೊಲ ಮನೆಗಳ ನಡುವೆ ತೋಳ ಇಲ್ಲದಂತಾಗಿ ಜಿಂಕೆ ಹೆಚ್ಚಿವೆ. ಮನುಷ್ಯ ತೋಳದ ಜಾಗದಲ್ಲಿ ನಿಂತಿದ್ದಾನೆ, ಲೈಸೆನ್ಸ್ ಇಟ್ಟುಕೊಂಡು. ಎಣಿಸುವವನು ಸಾವಿನ ಲೆಕ್ಕದ ಹೊರಗಿಲ್ಲ. ಗೆರೆಯ ಮೇಲೆ ಸ್ವಲ್ಪ ಹಿಂದೆ ನಿಂತಿದ್ದಾನೆ, ಅಷ್ಟೇ.

ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಾಗಬಾರದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ; 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಪತ್ತೆಮಾಡಿದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂದು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಹೇಳಿಸಿದ ಬರಹ. ಶಾಲೆಯಲ್ಲಿ ಇಷ್ಟು ಕಲಿಯುತ್ತೇವೆ. ನನಗೆ ಹೆಚ್ಚು ಇಷ್ಟವಾದದ್ದು ಅವನ ಇನ್ನೊಂದು ಶಾಸನ, ಬೇರೆ ಊರುಗಳಲ್ಲಿ ಕೆತ್ತಿಸಿದ ಮೊದಲನೆಯ ಬಂಡೆಶಾಸನ. ಮೊದಲೆಲ್ಲ ತನ್ನ ಅಡುಗೆಮನೆಗೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರು, ಈಗ ಮೂರೇ, ಎರಡು ನವಿಲು ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವೂ ಇರುವುದಿಲ್ಲ ಎಂದು ಚಕ್ರವರ್ತಿಯೇ ಬಂಡೆಯ ಮೇಲೆ ಬರೆಸಿದ್ದಾನೆ. ಪೂರ್ತಿ ಬಿಟ್ಟೆ ಎಂದು ಬರೆಸಿದ್ದರೆ ಯಾರು ಹೋಗಿ ಅಡುಗೆಮನೆ ನೋಡುತ್ತಿದ್ದರು? ಆ "ದಿನಾ ಅಲ್ಲ" ಎಂಬಲ್ಲಿ ಒಬ್ಬ ಮನುಷ್ಯ ಸಿಗುತ್ತಾನೆ. ಇನ್ನೂ ಬಿಟ್ಟಿಲ್ಲದ್ದನ್ನು ಲೆಕ್ಕದಲ್ಲಿ ತೋರಿಸುವುದು, ಬಿಟ್ಟಿದ್ದೇನೆ ಎಂದು ಸಾರುವುದಕ್ಕಿಂತ ದೊಡ್ಡ ವ್ರತ ಎಂದು ನನ್ನ ಅಭಿಪ್ರಾಯ.

ಈಗ ನಮ್ಮ ಕಡೆಯ ಸಾವನ್ನು ನೋಡಿ. ಹೊಳಲ್ಕೆರೆ ಕಡೆ ಮೆಕ್ಕೆಜೋಳ, ಹಿರಿಯೂರು ಕಡೆ ಶೇಂಗಾ, ಎರಡಕ್ಕೂ ಹಂದಿ ಕಾಟ. ಬೆಳೆ ಕಳೆದುಕೊಂಡ ರೈತನ ಹೊಟ್ಟೆಯುರಿ ನನಗೆ ಗೊತ್ತು; ನಮ್ಮದೂ ಹೊಲ ಇದೆ. ಆದರೆ ಅವನು ಮಾಡುವುದು ಉರುಳು. ಬೈಕಿನ ಹಳೇ ಕ್ಲಚ್ ವೈರ್ ಸಾಕು, ಬೇಲಿಯ ಕಂಡಿಗೆ ಕುಣಿಕೆ ಹಾಕಿ ಗೂಟಕ್ಕೆ ಬಿಗಿದು ಮನೆಗೆ ಹೋಗಿ ಮಲಗುತ್ತಾನೆ. ಜೋಗಿಮಟ್ಟಿ ತಪ್ಪಲಿನ ಒಂದು ಬದುವಿನಲ್ಲಿ ಅಂಥ ಕುಣಿಕೆಗೆ ಕೊಂಡುಕುರಿಯೊಂದು ಸಿಕ್ಕಿತ್ತು. ನಾವು ಹೋಗುವಷ್ಟರಲ್ಲಿ ಸತ್ತು ಒಂದು ದಿನವಾದರೂ ಆಗಿರಬೇಕು. ಹಿಂಗಾಲಿನ ಗೊರಸಿನ ಮೇಲೆ ತಂತಿ ಚರ್ಮ ದಾಟಿ ಮೂಳೆಗೆ ಕೂತಿತ್ತು. ಗೂಟದ ಸುತ್ತ ನೆಲ ದುಂಡಗೆ ಕೆರೆದುಹೋಗಿತ್ತು, ಹುಲ್ಲಿನ ಒಂದು ಬೇರೂ ಉಳಿದಿರಲಿಲ್ಲ; ಆ ವೃತ್ತದ ಆಚೆ ಹುಲ್ಲು ಹಸಿರಾಗಿ ನಿಂತಿತ್ತು. ತಂತಿ ಎಷ್ಟು ಉದ್ದವೋ ಅಷ್ಟೇ ಅಗಲ. ಅಂಗೈ ಉದ್ದದ ಕೊಂಬೂ ಇಲ್ಲದ ಹೆಣ್ಣು ಪ್ರಾಣಿ, ಎಷ್ಟು ಹೊತ್ತು ಸುತ್ತಿತೋ. ಹೊಲದವನು ಕೈ ಮುಗಿದು, "ನಾನು ಕೊಂದಿಲ್ಲ ಸಾರ್, ಹಂದಿಗೆ ಅಂತ ಹಾಕಿದ್ದೆ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ನಿಜವಾಗಿಯೂ ಅವನು ಕೊಂದಿರಲಿಲ್ಲ, ಯಾಕೆಂದರೆ ಅವನು ಅಲ್ಲಿ ಇರಲಿಲ್ಲ.

ಅಲ್ಲಿಂದ ಈಚೆಗೆ ಪಾಪದ ಬಗ್ಗೆ ನನ್ನ ಯೋಚನೆ ಸ್ವಲ್ಪ ಬೇರೆ. ಹಿಂಸೆಯನ್ನು ನಾವು ದೂರದಿಂದ ತೂಗುತ್ತೇವೆ. ದೂರ ಇದ್ದಷ್ಟೂ ಕೈ ಶುದ್ಧ ಎಂದುಕೊಳ್ಳುತ್ತೇವೆ. ಬಿಲ್ಲು ಹಿಡಿದು ಎದುರು ನಿಂತವನು ಕ್ರೂರಿ, ಉರುಳು ಹಾಕಿ ಮಲಗಿದವನು ಪಾಪ ರೈತ, ಪೇಪರು ಓದುತ್ತ ಮಟನ್ನಿಗೆ ಕಾಯುವವನು ಗೃಹಸ್ಥ. ಲೆಕ್ಕ ತಿರುಗಿಸಿ ಹಾಕಬೇಕು ಎನಿಸುತ್ತದೆ ನನಗೆ. ನೋಡದೆ ಇರುವುದಕ್ಕೆ ಏರ್ಪಾಡು ಮಾಡಿಕೊಂಡವನ ಪಾಲು ಹೆಚ್ಚು. ನಮ್ಮ ಕಥೆಗಳಲ್ಲಿ ಬೇಟೆಯ ದೊಡ್ಡ ದುರಂತಗಳೂ ನೋಡದ ಬಾಣದಿಂದಲೇ ಆದವು. ದಶರಥ ಶಬ್ದವೇಧಿ, ಕೊಡದಲ್ಲಿ ನೀರು ತುಂಬುವ ಸದ್ದಿಗೆ ದೂರವನ್ನು ಕಿವಿಯಿಂದಲೇ ಅಳೆದ, ಅಳತೆ ತಪ್ಪಲಿಲ್ಲ, ಸತ್ತದ್ದು ಮಾತ್ರ ಶ್ರವಣಕುಮಾರ. ಜರ ಎಂಬ ಬೇಡ ಪೊದೆಯೊಳಗೆ ಕಂಡ ಕೃಷ್ಣನ ಪಾದವನ್ನು ಜಿಂಕೆ ಎಂದುಕೊಂಡ. ಅವನ ಗುರಿಯೂ ತಪ್ಪಲಿಲ್ಲ. ಈಗಿನ ರೇಂಜ್‌ಫೈಂಡರ್ ಅವರಿಬ್ಬರ ಕೈಯಲ್ಲಿದ್ದಿದ್ದರೂ ಅಂಕಿ ಸರಿಯಾಗಿಯೇ ಬರುತ್ತಿತ್ತು.

ಬೇಡರ ಕಣ್ಣಪ್ಪನನ್ನು ಇಲ್ಲಿ ನೆನೆಯದೆ ಮುಂದೆ ಹೋದರೆ ನಮ್ಮ ಜನ ಒಪ್ಪುವುದಿಲ್ಲ. 1954ರ ಸಿನಿಮಾದಿಂದ ರಾಜ್‌ಕುಮಾರ್ ಮುಖವೇ ಆಗಿಬಿಟ್ಟಿದ್ದಾನೆ ಅವನು. ಅದಕ್ಕೂ ಎಷ್ಟೋ ಹಿಂದೆ ಹರಿಹರ ಅವನ ಮೇಲೆ ರಗಳೆ ಬರೆದ. ಕಣ್ಣು ಕಿತ್ತುಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ನನ್ನ ಗಮನ ಕಾಲಿನ ಮೇಲೆ. ಎರಡನೆಯ ಕಣ್ಣೂ ಕಿತ್ತರೆ ಲಿಂಗದ ಕಣ್ಣು ಎಲ್ಲಿದೆ ಎಂದು ಕಾಣುವುದಿಲ್ಲವಲ್ಲ, ಅದಕ್ಕೆ ಅವನು ಆ ಜಾಗಕ್ಕೆ ಕಾಲಿನ ಹೆಬ್ಬೆರಳು ಇಟ್ಟು ಗುರುತು ಮಾಡಿಕೊಂಡ. ಪೂಜಾರಿಗೆ ಹೊಳೆಯುವ ಉಪಾಯವಲ್ಲ ಅದು, ಬೇಟೆಗಾರನದು. ಗುರಿ ಹಿಡಿಯುವ ವಿದ್ಯೆಯನ್ನು ದೇವರ ಮೈ ಮುಟ್ಟುವಷ್ಟು ಹತ್ತಿರ ತಂದ. ಮಾಂಸವನ್ನೂ ಅವನು ತಾನು ಕಚ್ಚಿ ರುಚಿ ನೋಡಿಯೇ ಕೊಟ್ಟವನು. ಅವನ ಭಕ್ತಿಯಲ್ಲಿ ದೂರವೇ ಇಲ್ಲ; ಮಡಿಗೆ ದೂರ ಬೇಕು.

ಹೊಸದುರ್ಗದ ಕಡೆ ಸಂಕ್ರಾಂತಿಗೆ ಮೊಲ ಹಿಡಿದು ತಂದು, ದೇವರ ಮುಂದೆ ಪೂಜೆ ಮಾಡಿ, ಜೀವಸಹಿತ ವಾಪಸ್ ಬಿಡುವ ಊರುಗಳಿವೆ. ಬೇಟೆ ಪೂರ್ತಿ ಆಗುತ್ತದೆ, ಕೊಲೆ ಆಗುವುದಿಲ್ಲ. ಚೆಂದದ ಆಚರಣೆ. ಆದರೆ 1972ರ ಕಾಯ್ದೆಯಲ್ಲಿ ಹಿಡಿಯುವುದು, ಅಟ್ಟುವುದು, ಬಲೆ ಒಡ್ಡುವುದು ಎಲ್ಲವೂ ಬೇಟೆಯೇ. ಯೂನಿಫಾರ್ಮ್ ಹಾಕಿದ ನನಗೆ ಪ್ರಸಾದ ಕೊಟ್ಟಾಗ ಅದನ್ನು ಯಾವ ಮುಖದಲ್ಲಿ ತೆಗೆದುಕೊಳ್ಳಬೇಕು ಎಂಬುದು ಬೇರೆ ಲೇಖನದ ವಿಷಯ.

ಅಕ್ಕನ ಮಗನ ವಿಚಾರಕ್ಕೆ ಬಂದರೆ, ಅವನಿಗೆ ನಾನು ಒತ್ತಿ ಹೇಳಿದ್ದು ಎರಡೇ. ಮೊದಲನೆಯದು, ಕಾಲು ಸೆಕೆಂಡಿನ ವಿಷಯ. ಈಗಿನ ಬಿಲ್ಲಿನ ಬಾಣ ಸೆಕೆಂಡಿಗೆ ತೊಂಬತ್ತು ಮೀಟರ್ ಹತ್ತಿರ ಓಡುತ್ತದೆ; ಮೂವತ್ತು ಮೀಟರಿಗೆ ಸೆಕೆಂಡಿನ ಮೂರನೇ ಒಂದು ಪಾಲು. ಹೆದೆಯ ಸದ್ದು ಅದಕ್ಕಿಂತ ಮುಂಚೆ ಜಿಂಕೆಯ ಕಿವಿಗೆ ಬೀಳುತ್ತದೆ. ನಡುವೆ ಕಾಲು ಸೆಕೆಂಡು ಅದರ ಕೈಯಲ್ಲಿದೆ. ಅಷ್ಟರಲ್ಲಿ ಅದು ಓಡಲು ಮೈ ಕುಗ್ಗಿಸುತ್ತದೆ, ಎದೆಗೆ ಹೊರಟ ಬಾಣ ಬೆನ್ನಿಗೋ ಹೊಟ್ಟೆಗೋ ತಾಗುತ್ತದೆ, ಗಾಯಗೊಂಡ ಪ್ರಾಣಿ ಕತ್ತಲಲ್ಲಿ ಎಲ್ಲೋ ಬಿದ್ದು ದಿನವಿಡೀ ಸಾಯುತ್ತದೆ. ಯಂತ್ರ ಅಳೆದ ಜಿಂಕೆ ಬೇರೆ, ಬಾಣ ಮುಟ್ಟುವ ಜಿಂಕೆ ಬೇರೆ. ಆದ್ದರಿಂದ ರೇಂಜ್‌ಫೈಂಡರ್ ಅನ್ನು ಹೊಡೆಯಲು ಅಪ್ಪಣೆ ಕೊಡುವ ಯಂತ್ರ ಎಂದು ಕೊಳ್ಳಬೇಡ, ಬೇಡ ಎನ್ನುವ ಯಂತ್ರ ಎಂದು ಕೊಳ್ಳು. ನಿನ್ನ ಕೈ ಎಷ್ಟು ದೂರಕ್ಕೆ ತಪ್ಪುವುದಿಲ್ಲವೋ ಅದನ್ನು ಹಲಗೆಯ ಮೇಲೆ ಹೊಡೆದು ನೋಡಿ ಊರಲ್ಲೇ ತೀರ್ಮಾನಿಸು. ಅಟ್ಟಣೆ ಹತ್ತಿದ ಮೇಲೆ ಆ ಅಂಕಿಗೆ ಒಂದು ಗಜವೂ ಸೇರಿಸಬೇಡ.

ಇನ್ನೊಂದು ಪಾಂಡುವಿನ ಕಥೆ. ಜಿಂಕೆಯ ರೂಪದಲ್ಲಿ ಹೆಂಡತಿಯ ಜೊತೆ ಕೂಡಿದ್ದ ಕಿಂದಮ ಋಷಿಗೆ ಪಾಂಡು ಬಾಣ ಬಿಟ್ಟ. ಸಾಯುತ್ತ ಋಷಿ ಬೈದಾಗ ಪಾಂಡು ವಾದಕ್ಕೆ ನಿಂತ: ರಾಜರಿಗೆ ಜಿಂಕೆ ಬೇಟೆ ಧರ್ಮವೇ, ಅಗಸ್ತ್ಯನೂ ಬೇಟೆಯಾಡಿದ್ದಾನೆ ಎಂದ. ಋಷಿಯ ಉತ್ತರ ನನಗೆ ಮಹಾಭಾರತದಲ್ಲೇ ಬಹಳ ಸೂಕ್ಷ್ಮದ್ದು ಎನಿಸುತ್ತದೆ. ನೀನು ಜಿಂಕೆ ಕೊಂದದ್ದಕ್ಕೆ ನಾನು ಬೈಯುತ್ತಿಲ್ಲ, ಕೂಡುವುದು ಮುಗಿಯುವ ತನಕ ಕಾಯಲಿಲ್ಲವಲ್ಲ, ಅದಕ್ಕೆ ಎಂದ. ಶಾಪ ಬಂದದ್ದು ಕೊಂದದ್ದಕ್ಕಲ್ಲ, ಕೊಂದ ಹೊತ್ತಿಗೆ. ವಿಸ್ಕಾನ್ಸಿನ್‌ನಲ್ಲಿ ಬಿಲ್ಲುಬೇಟೆ ಸೆಪ್ಟೆಂಬರ್ ನಡುವಿನಲ್ಲಿ ಶುರುವಾಗುತ್ತದೆ. ಬಿಳಿಬಾಲದ ಜಿಂಕೆಗಳು ಬೆದೆಗೆ ಬರುವುದು ನವೆಂಬರ್‌ನಲ್ಲಿ. ಗಂಡು ಜಿಂಕೆ ಆಗ ಹೆಣ್ಣಿನ ಜಾಡು ಹಿಡಿದು ಎಚ್ಚರ ತಪ್ಪಿ ಓಡಾಡುತ್ತದೆ, ಬೇಟೆಗಾರರಿಗೆ ಅದೇ ಸುಗ್ಗಿ. ಹೆಣ್ಣು ಜಿಂಕೆಯ ಮೂತ್ರದ ವಾಸನೆಯ ಸೀಸೆ ಮಾರುತ್ತಾರೆ, ಗಂಡಿನ ಗುಟುರು ಹಾಕುವ ಪೀಪಿ ಮಾರುತ್ತಾರೆ. "ಹೋಗೋದಾದ್ರೆ ಹೋಗು, ಆ ಸೀಸೆ, ಆ ಪೀಪಿ ಮುಟ್ಟಬೇಡ. ಆಸೆ ತೋರಿಸಿ ಕರೆದು ಹೊಡೀಬಾರ್ದು" ಎಂದೆ.

"ಹಂಗಾದ್ರೆ ಇಲ್ಲಿಯೋರೆಲ್ಲ ಶಾಪಗ್ರಸ್ತರಾ ಮಾವ?" ಎಂದು ನಕ್ಕ. ಅಲ್ಲಿಯವರ ಧರ್ಮ ಅವರಿಗೆ. ಅವರ ಕಾಡಿಗೆ ದುಡ್ಡು ಬರುವುದೂ ಬೇಟೆಗಾರರಿಂದಲೇ, ಬಂದೂಕು ಮದ್ದುಗುಂಡಿನ ಮೇಲಿನ ತೆರಿಗೆ 1937ರ ಕಾಯ್ದೆಯಿಂದ ವನ್ಯಜೀವಿಗೇ ಹೋಗುತ್ತದೆ. ನಾನು ಅವರ ನ್ಯಾಯಾಧೀಶನಲ್ಲ. ಪಾಂಡುವಿನ ಕಥೆ ಕೇಳಿ ಬೆಳೆದವನಿಗೆ ಪಾಂಡುವಿನ ಕಾನೂನು.

ಇಷ್ಟೆಲ್ಲ ಆದ ಮೇಲೂ ನಾನು ಒಪ್ಪಿಗೆ ಕೊಟ್ಟವನೇ. ಷರತ್ತು ಹಾಕಿದರೂ ಒಪ್ಪಿಗೆ ಒಪ್ಪಿಗೆಯೇ. ಮನುವಿನ ಪಟ್ಟಿಯಲ್ಲಿ ಮೊದಲನೆಯ ಜಾಗ. ಅವನು ಜಿಂಕೆ ಹೊಡೆದರೆ ಅದರಲ್ಲಿ ನನ್ನ ಪಾಲನ್ನು ನಾನು ಇಲ್ಲವೆನ್ನುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ತಲೆ ಎತ್ತದೆ, "ನಿಂಗೊಬ್ಬನಿಗೇ ಯಾಕೋ ಪಾಲು? ಜಮೀನು ಅಡ ಇಟ್ಟು ಅವನನ್ನ ಅಲ್ಲಿಗೆ ಕಳಿಸಿದ್ದು ನಾನು" ಎಂದಳು. ಆಮೇಲೆ, "ಅಲ್ಲಿ ಅದನ್ನ ಸುಲಿಯೋದು ಯಾರಂತೆ, ಇವನಿಗೆ ಕೋಳಿ ಹಚ್ಚೋಕೂ ಬರಲ್ಲ" ಎಂದು ಕೇಳಿದಳು.